ಗಾಜಿನ ಮೇಲೊಂದು ಗಾಜು

ದೋರನಹಳ್ಳಿಯ ಮೋನಮ್ಮ ಓದಿದ್ದು ಏಳನೆಯ ತರಗತಿಯವರೆಗೆ. ಆದರೆ ಹಾಜರಿ ಕೂಗಲು ನಿಂತಳೆಂದರೆ ಹೈಸ್ಕೂಲ್ ಹೆಡ್ಮಾಸ್ತರರೂ ಎದ್ದು ನಿಲ್ಲಬೇಕು, ಅಂಥ ಗಂಟಲು. ಆ ಗಂಟಲು ನೋಡಿಯೇ ಊರಿನವರು ಅವಳನ್ನು ಉದ್ಯೋಗ ಖಾತ್ರಿ ಕೆಲಸಕ್ಕೆ ಕಾಯಕ ಬಂಧು ಮಾಡಿದ್ದರು. ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಉದ್ದ ಎಷ್ಟು ಆಳ ಅಗೆದರು ಎಂಬುದನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಕೆಲಸಕ್ಕೆ ಬಂದವರನ್ನು ಸಾಲಾಗಿ ನಿಲ್ಲಿಸಿ ಬೆಳಗ್ಗೆ ಒಂದು ಫೋಟೊ, ನಾಲ್ಕು ತಾಸು ಬಿಟ್ಟು ಇನ್ನೊಂದು ಫೋಟೊ ತೆಗೆದು ಮೊಬೈಲಿನಿಂದಲೇ ಕಳಿಸಬೇಕು. ಎರಡನೆಯದು ಹೋಗಲಿಲ್ಲವೆಂದರೆ ಅವತ್ತಿನ ಬೆವರು ಮಣ್ಣಿಗೆ.

ಅದಕ್ಕೆಂದೇ ಸಂಕ್ರಾಂತಿ ಮುಗಿದ ವಾರ ಅವಳು ಹೊಸ ಫೋನು ಕೊಂಡಳು. ಕೊಂಡ ದಿನವೇ ಗಂಡ ಭೀಮರಾಯನ ಮೂರು ಗಾಲಿಯ ಟಂಟಂ ಹತ್ತಿ ಶಹಾಪುರ ಬಸ್‌ಸ್ಟ್ಯಾಂಡ್ ಹಿಂದಿನ ರಾಬಿಯಾಳ ಅಂಗಡಿಗೆ ಹೋದಳು. ಅದು ಮೊದಲು ರಾಬಿಯಾಳ ಅಪ್ಪನ ಗಡಿಯಾರ ರಿಪೇರಿ ಅಂಗಡಿ. ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಮಗಳು ಅದೇ ಮೇಜು, ಅದೇ ಭೂತಗನ್ನಡಿ ಇಟ್ಟುಕೊಂಡು ಫೋನುಗಳನ್ನು ಕೈಗೆತ್ತಿಕೊಂಡಿದ್ದಳು. ಫೋನಿನ ಮೇಲೆ ಕಾಪಿನ ಗಾಜು ಅಂಟಿಸುವುದರಲ್ಲಿ ಅವಳ ಕೈ ಮೀರಿಸುವವರು ತಾಲ್ಲೂಕಿನಲ್ಲಿ ಇರಲಿಲ್ಲ. ಒಂದು ಗುಳ್ಳೆ ಏಳುತ್ತಿರಲಿಲ್ಲ.

"ಗಾಜಿಗಿ ಗಾಜು ಹೊಚ್ಚಿದ್ರ ಏನ್ ಬರ್ತದವಾ?" ಎಂದು ಭೀಮರಾಯ ಬಾಗಿಲಲ್ಲೇ ನಿಂತು ನಕ್ಕ. "ಟೊಪಗಿ ಮ್ಯಾಲ ಟೊಪಗಿ ಇಟ್ಟಂಗ ಆತು."

ರಾಬಿಯಾ ಫ್ಯಾನು ಬಂದ್ ಮಾಡಿ, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು. "ಕಾಕಾ, ನಿಮ್ಮ ಗಾಡಿಗಿ ಮುಂದ ಬಂಪರ್ ಯಾಕ ಹಾಕ್ಸೀರಿ?"

"ಗುದ್ದಿದ್ರ ಅದು ಮಣೀತದ, ಗಾಡಿ ಉಳೀತದ."

"ಇದೂ ಹಂಗೇರಿ."

ಮೋನಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಬಂಪರ್ ಮಣೀತದ ತಂಗಿ. ಗಾಜು ಎಲ್ಲಿ ಮಣೀತದ?"

"ಮಣಿಯಂಗಿಲ್ಲಕ್ಕಾ, ಒಡೀತದ. ಒಡಿಯೋದೇ ಇದರ ಕೆಲಸ. ಕಂಬಾರ ಕುಡುಗೋಲಿಗಿ ಹದ ಮಾಡ್ತಾನಲ್ಲ, ಹಂಗ ಇದಕ್ಕೂ ಕಾರ್ಖಾನಿಯಾಗ ಹದ ಮಾಡಿರ್ತಾರ. ಸಣ್ಣಪುಟ್ಟ ಪೆಟ್ಟಿಗಿ ಜಗ್ಗಂಗಿಲ್ಲ. ದೊಡ್ಡ ಪೆಟ್ಟು ಬಿತ್ತಂದ್ರ ಅದರ ಜೋರೆಲ್ಲ ತಾನು ನುಂಗಿ, ಅಗಲಕ ಹಂಚಿ, ತಾನು ಚೂರಾಗ್ತದ. ಕೆಳಗಿನ ಗಾಜಿಗಿ ಮುಟ್ಟೋದು ಒಂದೀಟು." ರಾಬಿಯಾ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒರೆಸಿ, ಕೊನೆಗೆ ಉಳಿದ ಒಂದು ಧೂಳಿನ ಕಣವನ್ನು ಟೇಪಿನ ತುದಿಯಿಂದ ಎತ್ತಿದಳು. "ಈಗ ಯಾರೂ ಉಸ್ರು ಬಿಡಬ್ಯಾಡ್ರಿ."

ಭೀಮರಾಯ ನಿಜವಾಗಿಯೂ ಮೂಗು ಹಿಡಿದುಕೊಂಡ. ಗಾಜು ಫೋನಿನ ಮೇಲೆ ಕೂತಿತು. ನಡುವೆ ಬೆರಳಿಟ್ಟು ಒತ್ತಿದ್ದೇ ತಡ, ಅಂಟು ನೀರಿನಂತೆ ನಾಲ್ಕೂ ಕಡೆ ಹರಡಿಕೊಂಡಿತು.

"ಮೂಲಿ ಮ್ಯಾಲ ಬಿದ್ರ ಮಾತ್ರ ಇದೊಂದರಿಂದ ಆಗಂಗಿಲ್ಲ" ಎಂದು ರಾಬಿಯಾ ಅಂಚು ಎತ್ತರವಿದ್ದ ಒಂದು ರಬ್ಬರಿನ ಕವರನ್ನೂ ತೊಡಿಸಿದಳು. "ಮತ್ತ ಕೇಳ್ರಿ, ಏನರ ಆದ್ರ ಮೊದ್ಲು ನನ್ನ ಬಲ್ಲಿ ತರ್ರಿ. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ್ರಿ."

ಮೂರು ತಿಂಗಳು ಏನೂ ಆಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಊರ ಕೆರೆಯ ಹೂಳು ತೆಗೆಯುವ ಕೆಲಸ ಶುರುವಾಯಿತು. ನಲವತ್ತೆರಡು ಮಂದಿ. ಬಿಸಿಲು ಏರುವ ಮೊದಲೇ ಬಂದು, ಮಧ್ಯಾಹ್ನ ಎರಡಕ್ಕೆ ಸಲಿಕೆ ಇಳಿಸಿ ಮನೆಗೆ ಹೋಗುವ ಲೆಕ್ಕ. ಕೆರೆಯೊಳಗೆ ನೆಟ್‌ವರ್ಕ್ ಇರಲಿಲ್ಲ. ತೂಬಿನ ಹತ್ತಿರ, ಏರಿಯ ಮೇಲಿನ ದೊಡ್ಡ ಕಲ್ಲುಗುಂಡು ಹತ್ತಿದರೆ ಮಾತ್ರ ಎರಡು ಕಡ್ಡಿ ಬರುತ್ತಿತ್ತು. ಮೋನಮ್ಮ ದಿನಕ್ಕೆ ನಾಲ್ಕು ಸಲ ಆಡಿನ ಹಾಗೆ ಆ ಗುಂಡು ಹತ್ತಿ ಇಳಿಯುತ್ತಿದ್ದಳು.

ಆ ಮಂಗಳವಾರ ಏಳೂವರೆಗೆ ಮೊದಲ ಫೋಟೊ ಸರಿಯಾಗಿಯೇ ಹೋಯಿತು. ಎಂದಿನಂತೆ ಸಾಬಣ್ಣನ ಕಣ್ಣು ಮುಚ್ಚಿದ್ದವು. ಅರವತ್ತರ ಹತ್ತಿರದ ಆ ಮನುಷ್ಯ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ, ಫೋಟೊದಲ್ಲಿ ಕಣ್ಣು ತೆರೆದದ್ದನ್ನೂ ಯಾರೂ ಕಂಡಿರಲಿಲ್ಲ. ಒಂಬತ್ತೂವರೆಗೆ ಅವಳು ಗುಂಡಿನ ಮೇಲಿದ್ದಾಗಲೇ ಪಂಚಾಯಿತಿಯಿಂದ ಫೋನು ಬಂತು. ಮಾತು ತುಂಡುತುಂಡಾಗಿ ಕೇಳಿಸಿದ್ದರಿಂದ ಮೋನಮ್ಮ ಗುಂಡಿನ ಮೇಲೆ ಇನ್ನೊಂದು ಹೆಜ್ಜೆ ಮೇಲಕ್ಕಿಟ್ಟಳು. ಚಪ್ಪಲಿ ಜಾರಿತು. ಅವಳು ಒಂದು ಕೈಯಿಂದ ಗುಂಡು ತಬ್ಬಿಕೊಂಡು ಉಳಿದಳು. ಇನ್ನೊಂದು ಕೈಯಲ್ಲಿದ್ದ ಫೋನು ಹಾರಿ, ಆಳೆತ್ತರ ಕೆಳಗೆ, ಏರಿಗೆ ಹಾಸಿದ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿತ್ತು.

ಟಪ್ ಎಂಬ ಸದ್ದು ಕೆರೆಯೊಳಗಿದ್ದವರಿಗೂ ಕೇಳಿಸಿತು.

ಮೋನಮ್ಮ ಇಳಿದು ಬಂದು ಅದನ್ನು ಮಗುಚಿದಳು. ಮೇಲಿನ ಗಾಜು ಜೇಡರ ಬಲೆಯಾಗಿತ್ತು. ಒಂದು ಕಡೆ ಚಿಕ್ಕ ಬಿಳಿ ಕುಳಿ, ಅಲ್ಲಿಂದ ಎಲ್ಲ ದಿಕ್ಕಿಗೂ ಗೆರೆ. ಒಂದು ತುಂಡು ಎದ್ದು ನಿಂತಿತ್ತು. ಬೆಳಕು ಬರುತ್ತಿತ್ತು, ಆದರೆ ಒತ್ತಿದ ಕಡೆ ಬೆರಳಿಗೆ ಓಗೊಡಲಿಲ್ಲ. ಎರಡನೆಯ ಸಲ ಒತ್ತಿದಾಗ ಸಣ್ಣ ಚೂರೊಂದು ಬೆರಳಿಗೆ ಚುಚ್ಚಿತು.

"ಸತ್ತಿತೇನಬೇ?" ಎಂದು ಸಾಬಣ್ಣ ಸಲಿಕೆ ಬಿಟ್ಟು ಓಡಿ ಬಂದ.

"ಜೀವ ಅದ. ಮಾತು ಕೇಳವಲ್ದು."

"ಹಂಗಾದ್ರ ನನ್ನಂಗ ಆತು ಬಿಡು."

ಯಾರೂ ನಗಲಿಲ್ಲ. ಹೆಂಗಸರು ಬುಟ್ಟಿ ಕೆಳಗಿಟ್ಟು ಸುತ್ತ ನಿಂತರು. ಹೋದ ವರ್ಷವಷ್ಟೇ ಮದುವೆಯಾಗಿ ಊರಿಗೆ ಬಂದಿದ್ದ ಪಂಚಶೀಲಾ, ಪಿಯುಸಿ ಮುಗಿಸಿದವಳು, ತನ್ನ ಫೋನು ಮುಂದೆ ಹಿಡಿದಳು. "ಅತ್ತಿ, ನನ್ನ ಫೋನಿನಾಗ ತಗಿಯಾಕ ಬರಂಗಿಲ್ಲೇನ್ರಿ?"

"ಬರಂಗಿಲ್ಲವಾ. ಹಾಜರಿ ತೆರಿಯೋದು ಈ ಫೋನಿನಾಗ ಅಷ್ಟೇ." ಮೋನಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿದಳು, ಗಾಯವಾದ ಹಕ್ಕಿಯನ್ನು ಸುತ್ತುವ ಹಾಗೆ. ಎದುರಿಗಿದ್ದ ಮುಖಗಳನ್ನು ನೋಡಲಿಕ್ಕೆ ಅವಳಿಗೆ ಆಗಲಿಲ್ಲ. ಬೆಳಗ್ಗೆಯಿಂದ ಅವರು ಹೊತ್ತ ಮಣ್ಣು ಏರಿಯ ಆಚೆ ಗುಡ್ಡೆಯಾಗಿ ಬಿದ್ದಿತ್ತು. "ನೀವು ಕೆಲಸ ಬಿಡಬ್ಯಾಡ್ರಿ. ಪಂಚಶೀಲಾ, ಹಾಜರಿ ಪುಸ್ತಕ ನಿನ್ನ ಕೈಯಾಗ ಇರಲಿ. ಎರಡರ ಒಳಗ ಬರ್ತೀನಿ."

ಅಷ್ಟರಲ್ಲಿ ಕುಡಿಯುವ ನೀರಿನ ಕ್ಯಾನು ತಂದ ಭೀಮರಾಯನ ಟಂಟಂ ಏರಿಯ ಕೆಳಗೆ ಬಂದು ನಿಂತಿತು. ಅವನು ಕ್ಯಾನು ಇಳಿಸಿ ಮುಗಿಸುವ ಮೊದಲೇ ಮೋನಮ್ಮ ಹತ್ತಿ ಕೂತಳು.

ಶಹಾಪುರ ಮುಟ್ಟುವವರೆಗೂ ಅವಳು ಸೆರಗಿನಲ್ಲಿ ಸುತ್ತಿದ ಫೋನನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದಳು. ಭೀಮರಾಯ ಟೊಪಗಿಯ ಸುದ್ದಿ ಎತ್ತಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು. ಆದರೆ ರಾಬಿಯಾಳ ಅಂಗಡಿಯ ಶಟರು ಕೆಳಗಿತ್ತು. ಪಕ್ಕದ ಬಳೆ ಅಂಗಡಿಯ ರತ್ನಾಬಾಯಿ ಹೇಳಿದಳು. "ಸುರಪುರದ ರಂಗಂಪೇಟಿಗಿ ಹೋಗ್ಯಾಳ್ರಿ, ಆಕಿ ಖಾಲಾ, ಅಂದ್ರ ಅವ್ವನ ತಂಗಿ ಮಗಳ ಮದುವಿ. ನಾಡಿದ್ದು ಬರ್ತಾಳ. ಫೋನ್ ಮಾಡಿದ್ರ ಎತ್ತವಲ್ಲಳು, ಬೆಳಗಿಂದ ನಾನೂ ಮಾಡಾಕತ್ತೇನಿ."

ರಸ್ತೆಯ ಆಚೆ ಇನ್ನೊಂದು ಮೊಬೈಲ್ ಅಂಗಡಿ ಇತ್ತು. ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ ಅಂಗಡಿಯವನು ಫೋನನ್ನು ಮುಟ್ಟಲೂ ಇಲ್ಲ, ದೂರದಿಂದ ನೋಡಿ ತಲೆಯಾಡಿಸಿದ. "ಡಿಸ್ಪ್ಲೇ ಹೋಗ್ಯಾದ್ರಿ. ಕಲಬುರಗಿಯಿಂದ ತರಿಸಬೇಕು. ಮೂರು ದಿನ ಬಿಟ್ಟು ಬರ್ರಿ, ಫೋನ್ ಇಲ್ಲೇ ಇಟ್ಟು ಹೋಗ್ರಿ."

ಮೋನಮ್ಮನ ಕೈ ಮುಂದೆ ಹೋಯಿತು. ಅರ್ಧಕ್ಕೆ ನಿಂತಿತು. ಬೇರೆ ಯಾರ ಕೈಯಲ್ಲೂ ಕೊಡಬೇಡಿ ಎಂದಿದ್ದಳಲ್ಲ ಆ ಹುಡುಗಿ. ಅವಳು ಸೆರಗು ಮತ್ತೆ ಮಡಚಿದಳು. "ರಂಗಂಪೇಟಿಗಿ ನಡೀರಿ."

"ಒಂದು ಗಾಜಿನ ಸಲುವಾಗಿ ಸುರಪುರ ತನಕ ಟಂಟಂ ಹೊಡೀಲೇನು?" ಎಂದ ಭೀಮರಾಯ.

"ಗಾಜಿನ ಸಲುವಾಗಿ ಅಲ್ಲರಿ. ನಲವತ್ತೆರಡು ಮಂದಿ ಬಿಸಿಲಾಗ ಅದಾರ."

ಭೀಮರಾಯ ಗಾಡಿ ಚಾಲೂ ಮಾಡಿದ. ದಾರಿಯಲ್ಲಿ ಕೈ ತೋರಿಸಿದವರಿಗೆಲ್ಲ ಗಾಡಿ ನಿಲ್ಲಿಸುವುದು ಅವನ ಹದಿನೈದು ವರ್ಷದ ಚಾಳಿ. ಅವತ್ತು ಒಬ್ಬರಿಗೂ ನಿಲ್ಲಿಸಲಿಲ್ಲ. ಗೋಗರೆದವರಿಗೆ "ಪೇಶಂಟ್ ಅದಾರ್ರಿ, ಪೇಶಂಟ್!" ಎಂದು ಕೂಗುತ್ತಾ ಹೋದ. ಹಿಂದೆ ಕೂತು ಮಡಿಲಿನ ಸೆರಗಿನ ಗಂಟನ್ನೇ ನೋಡುತ್ತಿದ್ದ ಮೋನಮ್ಮನಿಗೆ ಅಂಥ ಸಂಕಟದಲ್ಲೂ ನಗು ಬಂತು.

ರಂಗಂಪೇಟೆಯ ಮದುವೆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಗೆ ಓಣಿಯೇ ಶಾಮಿಯಾನದ ಕೆಳಗಿತ್ತು. ಭೀಮರಾಯ ಗಂಡಸರ ಜತೆ ಹೊರಗೆ ನಿಂತ. ಮಣ್ಣು ಮೆತ್ತಿದ ಸೀರೆಯಲ್ಲೇ ಒಳಗೆ ಬಂದ ಮೋನಮ್ಮನನ್ನು ಹೆಂಗಸರು ಬೆರಗಾಗಿ ನೋಡಿದರು. ನಡುಮನೆಯಲ್ಲಿ ಗೋಡೆಗೆ ಒರಗಿ ರಾಬಿಯಾ ಕೂತಿದ್ದಳು. ಎರಡೂ ಅಂಗೈ ಮೇಲೆ ಮಾಡಿ ತಲೆದಿಂಬಿನ ಮೇಲೆ ಇಟ್ಟುಕೊಂಡಿದ್ದಳು. ಬೆರಳ ತುದಿಯಿಂದ ಮೊಣಕೈವರೆಗೆ ಹಸಿ ಮೆಹಂದಿ.

"ಯಾ ಅಲ್ಲಾ, ಮೋನಮ್ಮಕ್ಕಾ! ನೀವಿಲ್ಲಿ?"

ಮೋನಮ್ಮ ಗಂಟು ಬಿಚ್ಚಿ ಫೋನನ್ನು ಅವಳ ಮುಂದೆ ಹಿಡಿದಳು. ರಾಬಿಯಾಳ ಕೈಗಳು ತಾವಾಗಿಯೇ ಮುಂದೆ ಬಂದವು.

"ಖಬರದಾರ್!" ಎಂದು ಅವಳ ಖಾಲಾ ಅಡುಗೆಮನೆಯ ಬಾಗಿಲಿನಿಂದಲೇ ಕೂಗಿದಳು. "ಎರಡು ತಾಸು ಕುಂತು ಹಾಕ್ಯಾರ. ಮುಟ್ಟಿದ್ರ ನೋಡು!"

ಕೈಗಳು ದಿಂಬಿಗೆ ಮರಳಿದವು. ರಾಬಿಯಾ ಕಣ್ಣಲ್ಲೇ ನೋಡತೊಡಗಿದಳು. "ಬೆಳಕಿಗಿ ಹಿಡೀರಿ. ಹಿಂಗ ಓರೆ ಮಾಡ್ರಿ. ಈಗ ಬಟನ್ ಒತ್ರಿ." ಪರದೆ ಬೆಳಗಿತು. "ಬಣ್ಣ ಸೋರಿಲ್ಲ. ಕರೇ ಮಚ್ಚಿ ಎಲ್ಲೂ ಕಾಣವಲ್ದು. ಅಕ್ಕಾ, ಮ್ಯಾಲಿನ ಗಾಜು ತಗದು ನೋಡೀರೇನು?"

"ತಗಿಯೋದಾ?" ಮೋನಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು. "ಮುಟ್ಟಿದ್ರ ಉಳಿದದ್ದೂ ಹೋಗ್ತದ ಅಂತ ಉಸ್ರು ಬಿಗಿ ಹಿಡಕೊಂಡು ಬಂದೀನಿ."

"ನನ್ನ ಕೈಯಂತೂ ಕೆಲಸಕ ಬರಂಗಿಲ್ಲ. ನೀವೇ ತಗೀಬೇಕು."

"ನಾನು ಮಣ್ಣು ಅಗಿಯೋಳು ತಂಗಿ."

"ಮಣ್ಣು ಅಳತಿ ಮಾಡೋ ಕೈ ಅಕ್ಕಾ ಅದು, ಇಂಚು ತಪ್ಪಂಗಿಲ್ಲ. ಕುಂದ್ರಿ."

ಶಾಮಿಯಾನಕ್ಕೆ ಹೂವಿನ ಸರ ಅಂಟಿಸಲು ತಂದಿದ್ದ ಅಗಲ ಟೇಪು ಬಂತು. ಚೂರು ಸಿಡಿಯದಂತೆ ಮೋನಮ್ಮ ಅದನ್ನು ಒಡೆದ ಗಾಜಿನ ಉದ್ದಕ್ಕೂ ಹಚ್ಚಿದಳು. ಇನ್ನು ಒಂದು ಮೂಲೆ ಎತ್ತಬೇಕು. ಅವಳ ಉಗುರುಗಳು ಮಣ್ಣಿನಲ್ಲಿ ಸವೆದು ಹೋಗಿದ್ದವು. ಉಳಿದ ಹೆಂಗಸರ ಉಗುರು ಉದ್ದವೇ, ಆದರೆ ಎಲ್ಲ ಕೈಗೂ ಮೆಹಂದಿ.

"ತೆಳ್ಳಗಿಂದು ಏನರ ಬೇಕು. ಕಬ್ಬಿಣದ್ದು ಬ್ಯಾಡ, ಪ್ಲಾಸ್ಟಿಕ್ ಕಾರ್ಡ್ ಆದ್ರ ಚಲೋ" ಎಂದಳು ರಾಬಿಯಾ.

ಮೋನಮ್ಮ ಎದ್ದು ಬಾಗಿಲಿಗೆ ಹೋದಳು. "ಏನ್ರೀ, ನಿಮ್ಮ ಲೈಸೆನ್ಸ್ ಕೊಡ್ರಿ."

ಗಂಡಸರ ನಡುವೆ ಚಹಾ ಕುಡಿಯುತ್ತಿದ್ದ ಭೀಮರಾಯ ಗಾಬರಿಯಾದ. "ಯಾಕ? ಪೊಲೀಸ್ರು ಬಂದಾರೇನು?"

"ಕೊಡ್ರಿ ಅಂದ್ರ."

ಹದಿನೈದು ವರ್ಷದಿಂದ ಒಂದು ಗೆರೆ ಬೀಳದಂತೆ ಕಾಪಾಡಿಕೊಂಡ ಲೈಸೆನ್ಸನ್ನು ಅವನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಒರೆಸಿ, ಕೊಟ್ಟ. ಒಳಗೆ ಬಂದ ಮೋನಮ್ಮ ನೆಲದ ಮೇಲೆ ಕೂತು ಫೋನನ್ನು ತೊಡೆಯ ಮೇಲಿಟ್ಟಳು.

"ಒಡೀದೇ ಇದ್ದ ಮೂಲಿಯಿಂದ ಹಿಡೀರಿ. ಎತ್ತಬ್ಯಾಡ್ರಿ, ಜಾರಿಸ್ರಿ. ಹಾಂ. ಗಾಳಿ ಒಳಗ ಹೋಗ್ಲಿ. ಗಡಿಬಿಡಿ ಮಾಡಬ್ಯಾಡ್ರಿ, ಅಂಟು ತಾನೇ ಬಿಡ್ತದ."

ಚರ್ ಎಂಬ ಸಣ್ಣ ಸದ್ದು. ಮೋನಮ್ಮ ಕೈ ನಿಲ್ಲಿಸಿದಳು. ಅವಳ ಹಣೆಯ ಬೆವರು ಕೆನ್ನೆಗೆ ಇಳಿದಿತ್ತು.

"ಅದು ಅಂಟಿನ ಸದ್ದು ಅಕ್ಕಾ. ನಡೀಲಿ."

ಲೈಸೆನ್ಸು ಒಂದು ಬೆರಳಿನಷ್ಟು ಒಳಗೆ ಹೋಯಿತು, ಎರಡು ಬೆರಳಿನಷ್ಟು ಹೋಯಿತು. ಮಾಗಿದ ಗಾಯದ ಹಕ್ಕಳೆ ಬಿಡುವ ಹಾಗೆ, ಒಡೆದ ಗಾಜು ಟೇಪಿನ ಸಮೇತ ಒಂದೇ ಹಾಳೆಯಾಗಿ ಎದ್ದು ಬಂತು. ಕೆಳಗೆ ಒಂದು ಗೆರೆ ಇರಲಿಲ್ಲ. ಗೀರು ಕೂಡ ಇರಲಿಲ್ಲ. ಹೊಸದರಂತಿದ್ದ ಫೋನಿನ ಗಾಜಿನೊಳಗಿಂದ, ಅಗಲ ಕಿವಿ ಮಾಡಿಕೊಂಡು, ಮೋನಮ್ಮ ಪರದೆಗೆ ಇಟ್ಟುಕೊಂಡಿದ್ದ ಫೋಟೊದ ಎಮ್ಮೆಕರು ಎಲ್ಲರನ್ನೂ ನೋಡುತ್ತಿತ್ತು.

ಮನೆ ತುಂಬ ನಗು ಎದ್ದಿತು. ಮದುಮಗಳೂ ನಾಚಿಕೆ ಬಿಟ್ಟು ನಕ್ಕಳು. ಮೋನಮ್ಮ ನಗುತ್ತಲೇ ಕಣ್ಣು ಒರೆಸಿಕೊಂಡಳು. ಎಮ್ಮೆಕರುವಿನ ಮೂಗಿನ ಮೇಲೆ ಬೆರಳಿಟ್ಟು ಸರಿಸಿದಳು. ಫೋನು ಹೇಳಿದ ಮಾತು ಕೇಳಿತು. ಹಾಜರಿಯ ಆ್ಯಪ್ ಕೂಡ ತೆರೆಯಿತು.

"ಎದ್ದು ನಿಂತಿದ್ದ ಚೂರು ನಿಮ್ಮ ಬೆರಳು ಕೆಳಗ ಮುಟ್ಟದಂಗ ಅಡ್ಡ ಬಂದಿತ್ತು, ಅಷ್ಟೇ" ಎಂದಳು ರಾಬಿಯಾ. "ಕಲ್ಲು ಅಗಲಕ ಇದ್ದದ್ದು ಚಲೋ ಆತು. ಚೂಪು ಮೂಲಿಗಿ ಬಿದ್ದಿದ್ರ ಏನ್ ಆಗ್ತಿತ್ತೋ, ನಾನೂ ಹೇಳಾಕ ಬರಂಗಿಲ್ಲ."

ಮೋನಮ್ಮ ಒಡೆದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಲ್ಲು ಬಡಿದ ಜಾಗ ಜೋಳದ ಕಾಳಿನಷ್ಟೇ ಇತ್ತು. ಅಲ್ಲಿಂದ ಹೊರಟ ಗೆರೆಗಳು ನಾಲ್ಕೂ ಅಂಚಿನವರೆಗೆ ಓಡಿದ್ದವು. ಒಂದೇ ಕಡೆ ಬಿದ್ದ ಪೆಟ್ಟು ಹಾಳೆ ತುಂಬ ಹರಿದು, ಅಲ್ಲಲ್ಲೇ ಸುಸ್ತಾಗಿ ನಿಂತುಹೋದಂತೆ ಕಂಡಿತು. ಹಂಚಿಕೊಂಡು ಹೊತ್ತರೆ ಮಣ್ಣೂ ಹಗುರ ಎಂಬುದು ಅವಳಿಗೆ ಗೊತ್ತಿದ್ದ ಮಾತು. ಅವಳು ಆ ಹಾಳೆಯನ್ನು ಯಾರ ಕಾಲಿಗೂ ಚುಚ್ಚದಂತೆ ದಪ್ಪ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ಹಾಕಿದಳು.

ಹೊರಡುತ್ತೇನೆಂದರೆ ಖಾಲಾ ಬಿಡಲಿಲ್ಲ. "ಮದುವಿ ಮನಿಗಿ ಬಂದು ಬಾಯಿ ಸಿಹಿ ಮಾಡದೇ ಹೋಗ್ತಾರೇನು?"

"ಅಮ್ಮಾ, ಎರಡರ ಒಳಗ ಕೆರಿ ಮುಟ್ಟಬೇಕು. ನಮ್ಮ ಮಂದಿ ಕಾಯಾಕತ್ತಾರ."

"ಎಷ್ಟು ಮಂದಿ?"

"ನಲವತ್ತೆರಡು."

ಖಾಲಾ ಒಂದು ಗಳಿಗೆ ಅವಳ ಮಣ್ಣಿನ ಸೀರೆ ನೋಡಿದಳು. ಆಮೇಲೆ ಅಡುಗೆಯವರಿಗೆ ಏನೋ ಕೂಗಿದಳು. ಇಬ್ಬರು ಗಂಡಸರು ಮುಚ್ಚಳವಿದ್ದ ದೊಡ್ಡ ಡಬ್ಬಿಯೊಂದನ್ನು ಟಂಟಂಗೆ ಏರಿಸಿದರು. ಅದರ ತುಂಬ ಬಿಸಿ ಶೀರಾ.

"ನಾಡಿದ್ದು ಬರ್ರಿ, ಹೊಸಾ ಗಾಜು ಹಾಕ್ತೀನಿ!" ಎಂದು ರಾಬಿಯಾ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಬಾಗಿಲವರೆಗೆ ಬಂದಳು. "ಅಲ್ಲಿ ತನಕ ಫೋನಿಂದು ಬರೇ ಮೈ ಅದ, ಜ್ವಾಕಿ!"

ಹೊರಟಾಗ ಹನ್ನೆರಡಾಗಿತ್ತು. ಶಹಾಪುರ ದಾಟಿದ ಮೇಲೆ ಭೀಮರಾಯ ತಲೆ ತಿರುಗಿಸದೆ ಹೇಳಿದ. "ನಮ್ಮ ಟಂಟಂದ ಮುಂದಿನ ಗಾಜಿಗೂ ಇಂಥದ್ದು ಬರ್ತದೇನು, ಕೇಳಬೇಕಾಗಿತ್ತು."

"ನೀವು ಮೊದ್ಲು ರಸ್ತೆ ನೋಡಿ ಹೊಡೀರಿ" ಎಂದಳು ಮೋನಮ್ಮ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಶೀರಾದ ಡಬ್ಬಿ ಹಿಡಿದು ಕೂತಿದ್ದಳು.

ಕೆರೆ ಮುಟ್ಟಿದಾಗ ಎರಡಕ್ಕೆ ಹದಿನೆಂಟು ನಿಮಿಷವಿತ್ತು. ಪಂಚಶೀಲಾ ಎಲ್ಲರನ್ನೂ ಆಗಲೇ ಸಾಲಾಗಿ ನಿಲ್ಲಿಸಿದ್ದಳು. ಅವರಿಗೆ ಮೋನಮ್ಮನ ಮುಖ ನೋಡಿದ್ದೇ ಸಾಕಾಯಿತು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು.

"ಸಾಬಣ್ಣ ಮಾವ, ಕಣ್ಣು!" ಎಂದು ಮೋನಮ್ಮ ಕೂಗಿದಳು. ಗಂಟಲು ತಿರುಗಿ ಬಂದಿತ್ತು.

"ತಗದೇ ಅದಾವಬೇ!"

ಫೋಟೊ ತೆಗೆದಳು. ಈ ಸಲ ಗುಂಡನ್ನು ಹತ್ತುವ ಮೊದಲು ಚಪ್ಪಲಿ ಕೆಳಗೆ ಬಿಟ್ಟಳು. ಫೋನನ್ನು ಸೆರಗಿನ ತುದಿಗೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಊರಿ ಮೇಲೆ ಹೋದಳು. ಮೇಲೆ ಎರಡು ಕಡ್ಡಿ ಬಂದವು. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೆಳಗೆ ನಲವತ್ತೆರಡು ಮಂದಿ ಕುತ್ತಿಗೆ ಎತ್ತಿ ನಿಂತಿದ್ದರು.

"ಹೋತು!" ಎಂದಳು.

ಏರಿಯ ಆಚೆ, ಮಾತಿಗಷ್ಟೇ ಸಾಲುವ ಒಂದು ಕಡ್ಡಿ ಸಿಗುವ ಬೇವಿನ ಮರದ ಕೆಳಗೆ ಶೀರಾದ ಡಬ್ಬಿ ತೆರೆಯಿತು. ಮುಚ್ಚಳ ತೆಗೆದ ಕೂಡಲೇ ತುಪ್ಪದ ವಾಸನೆ ಕೆರೆಯ ತುಂಬ ಹಬ್ಬಿತು. ತಟ್ಟೆ ಇರಲಿಲ್ಲ, ಬುತ್ತಿಯ ಮುಚ್ಚಳ, ಮುತ್ತುಗದ ಎಲೆ, ಅಂಗೈ, ಸಿಕ್ಕಿದ್ದರಲ್ಲಿ ಬಡಿಸಿಕೊಂಡರು. ಯಾರ ಮದುವೆ, ಎಲ್ಲಿಯ ಮದುವೆ ಎಂದು ಕೇಳಿದವರಿಗೆಲ್ಲ ಭೀಮರಾಯ ಲೈಸೆನ್ಸಿನ ಕತೆಯನ್ನು ಮೂರನೆಯ ಸಲ ಹೇಳುತ್ತಿದ್ದ. ಒಂದೊಂದು ಸಲಕ್ಕೂ ಅದರ ಮೇಲೆ ಬಿದ್ದ ಗೀರು ಉದ್ದವಾಗುತ್ತಿತ್ತು.

ಮೋನಮ್ಮನ ಮಡಿಲಲ್ಲಿ ಫೋನು ಗುಂಯ್‌ಗುಟ್ಟಿತು. ಬೆರಳೆಲ್ಲ ತುಪ್ಪ. ಅಂಟಿಲ್ಲದ ಕಿರುಬೆರಳಿನಿಂದ ಒತ್ತಿ ಕಿವಿಗಿಟ್ಟಳು.

"ಅಕ್ಕಾ, ಮುಟ್ಟಿದ್ರೇನು? ಫೋಟೊ ಹೋತೇನು?" ರಾಬಿಯಾಳ ದನಿಯ ಹಿಂದೆ ಢೋಲಕ್ಕಿನ ಸದ್ದು ಕೇಳುತ್ತಿತ್ತು.

"ಹೋತವಾ, ಎಲ್ಲರೂ ಬಂದಾರ ಫೋಟೊದಾಗ. ನಿನ್ನ ಕೈ ಹ್ಯಾಂಗ ಬಂದಾವ?"

"ಈಗ ತೊಳದೆ. ಏನ್ ಕೆಂಪು ಅಂತೀರಿ! ಖಾಲಾ ಅಂತೂ ದೃಷ್ಟಿ ತಗದು ಕುಂತಾರ."

"ತಗೀಲಿ ಬಿಡು. ಶೀರಾ ಬಾಳ ಚಲೋ ಆಗ್ಯಾದ ಅಂತ ಹೇಳು ಅವರಿಗಿ" ಎಂದು ಮೋನಮ್ಮ ಮರದ ಬುಡಕ್ಕೆ ಒರಗಿ ಕಾಲು ಚಾಚಿದಳು. "ನಿಲ್ಲು, ನಮ್ಮ ಮಂದಿನೂ ಮಾತಾಡ್ತಾರ." ಅವಳು ಸ್ಪೀಕರ್ ಹಾಕಿ ಫೋನನ್ನು ಸೆರಗಿನ ಮೇಲೆ, ಎಲ್ಲರ ನಡುವೆ, ಮೆಲ್ಲಗೆ ಇಟ್ಟಳು.